ನೀರಿನ ಪ್ರಶ್ನೆ

ದಾಂಡೇಲಿ
೧೨ ಜೂನ್ ೨೦೦೦

ಪ್ರಿಯ ಮಾಯಾ,

ಲಕೋಟೆಯ ಮೇಲಿನ ನನ್ನ ಅಕ್ಷರ ನೋಡಿಯೇ ನೀನು ಈ ಪತ್ರವನ್ನು ಪಕ್ಕಕ್ಕಿಡಬಹುದು. ಒಂದು ವೇಳೆ ಒಡೆದರೆ ಎದೆ ಧಸಕ್ಕೆನ್ನದಿರಲಿ ಎಂದು ಮೊದಲೇ ಹೇಳುತ್ತೇನೆ: ನಿನ್ನ ತಮ್ಮ ದಿನೇಶ ಚೆನ್ನಾಗಿದ್ದಾನೆ. ನಾನು ಬರೆಯುತ್ತಿರುವುದು ಅವನು ನೋಡಿಕೊಳ್ಳುವ ಬಾಯ್ಲರಿನ ವಿಷಯ.

ನೀನು ಹೆರಿಗೆಗೆಂದು ತವರೂರು ಇಂದೂರಿಗೆ ಹೋದ ಮೇಲೆ, ಪ್ಲೈವುಡ್ ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್ಲಿಗೆ ನೀನು ಬರೆದ ಪ್ರೋಗ್ರಾಮನ್ನು ಮಹಾಂತಪ್ಪ ಸರ್ ನನ್ನ ಮೇಜಿಗೆ ತಂದಿಟ್ಟರು. ನಮ್ಮ ವರ್ಕ್‌ಶಾಪಿನಲ್ಲಿ ಈಗ ಪ್ರೋಗ್ರಾಮು ಬರೆಯುವವಳು ನಾನೊಬ್ಬಳೇ. ಕಾರ್ಖಾನೆಯವರ ದೂರು ಏನೆಂದರೆ, ಬಾಯ್ಲರು ದಿನಕ್ಕೆ ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ, ಯಾಕೆ ನಿಂತಿತೆಂದು ಪ್ಯಾನೆಲ್ ಹೇಳುವುದಿಲ್ಲ. ನೀರು ಕಡಿಮೆಯಾದರೂ ಅದೇ ಕೆಂಪು ದೀಪ, ಫ್ಯಾನ್ ನಿಂತರೂ ಅದೇ, ಪಂಪು ಕೆಟ್ಟರೂ ಅದೇ.

ಕಳೆದ ವಾರ ನೋಡಲು ಹೋದಾಗ ದಿನೇಶ ನನ್ನನ್ನು ಪ್ಯಾನೆಲ್ಲಿನ ಹಿಂದಕ್ಕೆ ಕರೆದ. "ಅಕ್ಕಾರ, ಇದನ್ನ ನಾ ತೋರ್ಸಿದೆ ಅಂತ ಯಾರ ಮುಂದೂ ಹೇಳಬ್ಯಾಡ್ರಿ" ಅಂದ. ಬಾಯ್ಲರು ನಿಲ್ಲಿಸುವ ರಿಲೇಗೆ ಅಡ್ಡಲಾಗಿ ಒಂದು ತುಂಡು ವೈರು ಬಿಗಿದಿದ್ದರು. ಅಂದರೆ ನಿನ್ನ ಪ್ರೋಗ್ರಾಮು ನಿಲ್ಲು ನಿಲ್ಲು ಎಂದು ಎಷ್ಟು ಕೂಗಿದರೂ ಬಾಯ್ಲರಿಗೆ ಅದು ಮುಟ್ಟುವುದೇ ಇಲ್ಲ.

"ಯಾಕ ನಿಂತೈತಿ ಅಂತ ತಿಳಿಯಂಗಿಲ್ರಿ. ನಿಂತ ಕೂಡ್ಲೆ ಮ್ಯಾನೇಜರ್ ಬಂದು ಬೈತಾರ. ಹಿಂದಿನ ಪಾಳಿಯವರು ಹಾಕ್ಯಾರ. ನಾ ತಗದ್ರ ಮತ್ತ ಹಾಕ್ತಾರ್ರಿ."

ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಪ್ರೋಗ್ರಾಮನ್ನು ಮತ್ತೆ ಬರೆಯಬೇಕು. ಮಾಡುವ ಕೆಲಸ ಬದಲಾಗಬಾರದು, ಓದಿದವರಿಗೆ ತಿಳಿಯಬೇಕು, ನಿಂತಾಗ ಕಾರಣ ಹೇಳಬೇಕು. ಆದರೆ ನಿನ್ನ ಬರಹದಲ್ಲಿ 'ಹೀಗಿದ್ದರೆ' ಎಂದು ಕೇಳುವ ಒಂದು 'ಇಫ್' ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಸರಿಯುತ್ತ ಸರಿಯುತ್ತ ಸಾಲು ಪರದೆಯ ಬಲ ಅಂಚಿಗೆ ಹೋಗಿ ಮುಟ್ಟುತ್ತದೆ. ಹೆಸರುಗಳೆಲ್ಲ ಎಫ್-ಒನ್, ಎಫ್-ಥ್ರೀ. ಫ್ಯಾನ್ ಓಡುತ್ತಿದೆಯೇ, ಪಂಪು ಓಡುತ್ತಿದೆಯೇ, ಒತ್ತಡ ಮಿತಿಯಲ್ಲಿದೆಯೇ ಎಂದೆಲ್ಲ ಕೇಳಿಯಾದ ಮೇಲೆ, ತೀರಾ ಒಳಗೆ, ನೀರು ಕಡಿಮೆಯಾಗಿದೆಯೇ ಎಂದು ಕೇಳಿದ್ದೀಯ. ಬಾಯ್ಲರಿನಲ್ಲಿ ಮೊಟ್ಟಮೊದಲು ಕೇಳಬೇಕಾದದ್ದು ಅದೇ ಅಲ್ಲವೇ? ಕೊನೆಯಲ್ಲಿ ಯಾಕೆ ಇಟ್ಟೆ? ಪಕ್ಕದಲ್ಲಿ ಒಂದು ಮಾತೂ ಬರೆದಿಲ್ಲ.

ಫೆಬ್ರವರಿಯಲ್ಲಿ ನಮ್ಮಿಬ್ಬರ ನಡುವೆ ಆದ ಮಾತಿನ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರೆ.

ಮಗುವಿಗೆ ಕಾಜಲ್ ಎಂದು ಹೆಸರಿಟ್ಟಿರಂತೆ. ಚೆಂದದ ಹೆಸರು.

ಉತ್ತರಕ್ಕೆ ಕಾದಿರುವ,
ರಾಜಶ್ರೀ


ದಾಂಡೇಲಿ
೪ ಜುಲೈ ೨೦೦೦

ಪ್ರಿಯ ಮಾಯಾ,

ನಿನ್ನಿಂದ ಉತ್ತರವಿಲ್ಲ. ಇನ್ನು ಕಾಯುವಂತಿರಲಿಲ್ಲ, ಶುರು ಮಾಡಿದೆ.

ವೈರಿನ ವಿಷಯ ಮಹಾಂತಪ್ಪ ಸರ್‌ಗೆ ಹೇಳಿದೆ, ದಿನೇಶನ ಹೆಸರು ಎತ್ತದೆ. ಅವರು ಕಾರ್ಖಾನೆಗೆ ಹೋಗಿ ಜಗಳವಾಡಿ ಅದನ್ನು ಕೀಳಿಸಿದರು. ಮ್ಯಾನೇಜರ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಬೇಗ ಹೊಸ ಪ್ರೋಗ್ರಾಮು ತುಂಬಿದ ಚಿಪ್ ಕೊಡಬೇಕು, ಇಲ್ಲವಾದರೆ ನಮ್ಮ ಪ್ಯಾನೆಲ್ಲನ್ನೇ ಕಿತ್ತು ಹಾಕುತ್ತಾರೆ. ಈಗ ಬಾಯ್ಲರು ಮತ್ತೆ ಮೊದಲಿನಂತೆ ನಿಲ್ಲುತ್ತಿದೆ, ನಿಂತಾಗಲೆಲ್ಲ ವರ್ಕ್‌ಶಾಪಿನ ಫೋನು ಬಡಿದುಕೊಳ್ಳುತ್ತದೆ. ಆ ಸದ್ದಿಗೆ ನನ್ನ ಬೆರಳು ಕೀಲಿಮಣೆಯ ಮೇಲೆಯೇ ನಿಂತುಬಿಡುತ್ತದೆ.

ನಾನು ಬರೆಯುತ್ತಿರುವ ರೀತಿ ಇದು. ಒಳಗೊಳಗೆ ಹೋಗುವ ಬದಲು ಬಾಗಿಲಲ್ಲೇ ನಿಂತು ಕೇಳುವುದು. ಫ್ಯಾನ್ ನಿಂತಿದೆಯೇ? ಹಾಗಿದ್ದರೆ ಕಾರಣ ತೋರಿಸಿ ಅಲ್ಲಿಂದಲೇ ಹಿಂತಿರುಗು. ಒತ್ತಡ ಹೆಚ್ಚಿದೆಯೇ? ಅದು ಇಳಿಯುವವರೆಗೆ ಒಲೆಗೆ ಕಟ್ಟಿಗೆ ತಳ್ಳಬೇಡ, ಹಿಂತಿರುಗು. ನೀರು ಕಡಿಮೆಯೇ? ಎಲ್ಲ ನಿಲ್ಲಿಸಿ ಹಿಂತಿರುಗು. ಯಾವ ಅಡ್ಡಿಯೂ ಇಲ್ಲದಿದ್ದರೆ ಕೊನೆಯ ಸಾಲು: ಕಟ್ಟಿಗೆ ತಳ್ಳು. ಎಲ್ಲ ಪ್ರಶ್ನೆಗಳನ್ನೂ ಮೇಲ್ಗಡೆಯೇ ಒಟ್ಟಿಗೆ ಕೇಳಿ, ಉತ್ತರಗಳಿಗೆ ಒಂದೊಂದು ಹೆಸರಿಟ್ಟು, ಆಮೇಲೆ ಸಾಲಾಗಿ ತೀರ್ಮಾನಿಸಿದ್ದೇನೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದಲ್ಲೇ ಬರೆದೆ. ನೀರು ಕಡಿಮೆ, ಪಂಪು ನಿಂತಿದೆ, ಹೀಗೆ. ಪ್ಯಾನೆಲ್ಲಿನ ಪುಟ್ಟ ಪರದೆಯ ಮೇಲೂ ಅದೇ ಮಾತು ಬರುತ್ತದೆ.

ಸರ್ ನೋಡಿ ನಕ್ಕರು. "ಪ್ರೋಗ್ರಾಮಿನ್ಯಾಗ ಕನ್ನಡ ಯಾಕ ತುಂಬಿದಿ? ನಾಳೆ ಬ್ಯಾರೆ ಕಡಿಂದ ಒಬ್ಬ ಬಂದ್ರ ಏನ ಓದ್ಬೇಕು ಅಂವ?"

"ಬಾಯ್ಲರ್ ಮುಂದ ನಿಂತಾವ್ರು ಮೊದ್ಲು ಓದ್ಬೇಕಲ್ರಿ ಸರ್" ಅಂದೆ.

ಮೇಜಿನ ಮೇಲೆ ಸ್ವಿಚ್ಚುಗಳನ್ನು ಜೋಡಿಸಿಕೊಂಡು, ಒಂದು ಬೋರ್ಡಿನಲ್ಲಿ ನಿನ್ನ ಹಳೆಯ ಚಿಪ್‌ನ ನಕಲು, ಇನ್ನೊಂದರಲ್ಲಿ ನನ್ನ ಹೊಸದು ಇಟ್ಟು, ಸ್ವಿಚ್ಚುಗಳನ್ನು ಎಷ್ಟು ಬಗೆಯಲ್ಲಿ ಹಾಕಿ ತೆಗೆಯಲು ಸಾಧ್ಯವೋ ಅಷ್ಟೂ ಬಗೆಯಲ್ಲಿ ನೋಡಿದೆ. ಎರಡೂ ಒಂದೇ ಉತ್ತರ ಕೊಡುತ್ತವೆ. ಸಮಾಧಾನವಾಗಬೇಕಿತ್ತು.

ಮಾಯಾ, ನೀರಿನ ಪ್ರಶ್ನೆಯನ್ನು ಅಲ್ಲಿ ಯಾಕೆ ಇಟ್ಟಿದ್ದೆ? ಮುಂದಿನ ವಾರ ಹೊಸ ಚಿಪ್ ಕೂರಿಸಬೇಕು.

ರಾಜಶ್ರೀ


ಇಂದೂರ, ಮುಂಡಗೋಡ ತಾಲ್ಲೂಕು
೧೦ ಜುಲೈ ೨೦೦೦

ರಾಜಶ್ರೀಗೆ,

ನಿನ್ನ ಎರಡೂ ಪತ್ರಗಳು ತಲುಪಿವೆ. ಮಗುವಿಗೆ ಜ್ವರವಿತ್ತು.

ನಾನು ಆ ಕೆಲಸ ಬಿಟ್ಟಿದ್ದೇನೆ. ಟಿಬೆಟನ್ ಕಾಲೊನಿ ಕಡೆಯ ಒಬ್ಬ ಗೋವಿನಜೋಳದ ವ್ಯಾಪಾರಿಯ ಅಂಗಡಿಯಲ್ಲಿ ಅರ್ಧ ದಿನ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಅಲ್ಲಿ ನಾನು ತಪ್ಪು ಹೊಡೆದರೆ ಬಿಲ್ಲು ಹರಿದು ಇನ್ನೊಂದು ಹೊಡೆಯುತ್ತಾರೆ, ಅಷ್ಟೇ. ಈ ನೆಮ್ಮದಿ ನನಗೆ ಬೇಕಾಗಿತ್ತು.

'ಇವಳ ನಂತರ ಬರುವವರು ಇದನ್ನು ಓದಲಾರರು' ಎಂದು ಫೆಬ್ರವರಿಯಲ್ಲಿ ಎಲ್ಲರೆದುರು ಹೇಳಿದವಳು ನೀನು. ಓದಲಾರದ್ದನ್ನು ಈಗ ಯಾಕೆ ಓದುತ್ತಿದ್ದೀಯ? ನಡೆಯುತ್ತಿದೆಯಲ್ಲ, ಹಾಗೇ ಬಿಡು. ಮುಟ್ಟಲೇಬೇಕೆಂದಿದ್ದರೆ, ನಾನು ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಿದ್ದೇನೋ ಅದೇ ಕ್ರಮದಲ್ಲಿ ಕೇಳು. ನೀರಿನದು ಕೊನೆಗೇ ಇರಲಿ.

ವೈರಿನ ವಿಷಯ ನಮ್ಮ ಯಾಡಿಗೆ, ಅಂದರೆ ತಾಯಿಗೆ, ಹೇಳಿಲ್ಲ. ದಿನೇಶ ಅಲ್ಲಿ ಇದ್ದಾನೆ ಎಂಬುದು ನಿನಗೆ ನೆನಪಿರಲಿ.

ಮಾಯಾ


ದಾಂಡೇಲಿ
೧೭ ಜುಲೈ ೨೦೦೦

ಪ್ರಿಯ ಮಾಯಾ,

ಶನಿವಾರ ಬೆಳಿಗ್ಗೆ ಹೊಸ ಚಿಪ್ ಕೂರಿಸಿ ಬಂದೆ. ನಿನ್ನ ಪತ್ರ ಇವತ್ತು ಕೈಸೇರಿತು.

ಮೊದಲು ಒಳ್ಳೆಯ ಸುದ್ದಿ ಬರೆಯುತ್ತೇನೆ, ಅದೇ ನನ್ನನ್ನು ಹೆದರಿಸುತ್ತಿರುವುದು. ಪರದೆ ಕೆಲಸ ಮಾಡುತ್ತಿದೆ. ಪಂಪಿನ ಸ್ವಿಚ್ಚು ಆರಿಸಿ ತೋರಿಸಿದಾಗ ದಿನೇಶ ಅಕ್ಷರ ಕೂಡಿಸಿ ಓದಿದ, "ಪಂಪು ನಿಂತಿದೆ", ನಕ್ಕ. "ಈಗರ ಬಾಯಿ ಬಿಟ್ಟು ಹೇಳಾಕತ್ತೈತಿ ನೋಡ್ರಿ ಅಕ್ಕಾರ." ಅವತ್ತಿನಿಂದ ಬಾಯ್ಲರು ನಿಲ್ಲುವುದೇ ಅಪರೂಪವಾಗಿದೆ. ಮ್ಯಾನೇಜರ್ ತಾವಾಗಿಯೇ ಫೋನು ಮಾಡಿ ಹೊಗಳಿದರು. ಸರ್ ಎಲ್ಲರಿಗೂ ಪೇಢೆ ಹಂಚಿದರು. ನಾನೂ ತಿಂದೆ.

ಮನೆಗೆ ನಡೆದು ಬರುವಾಗ ಹೊಳೆಯಿತು. ನಾನು ಬದಲಿಸಿದ್ದು ಬರಹವನ್ನು ಮಾತ್ರ. ಕೆಲಸ ಅದೇ ಆಗಿದ್ದರೆ ಬಾಯ್ಲರು ಮೊದಲಿನಷ್ಟೇ ಸಲ ನಿಲ್ಲಬೇಕಿತ್ತು, ಕಾರಣ ಹೇಳಿ ನಿಲ್ಲಬೇಕಿತ್ತು, ಅಷ್ಟೇ ವ್ಯತ್ಯಾಸ. ನಿಲ್ಲುವುದು ಯಾಕೆ ಕಡಿಮೆಯಾಯಿತು?

ಇದನ್ನು ಸರ್‌ಗೆ ಕೇಳಿದೆ. "ಚಲೋ ನಡದೈತಿ, ಅದಕ್ಕೂ ಅಳ್ತಿಯೇನ?" ಎಂದರು.

ನೀನು ಕ್ರಮ ಬದಲಿಸಬೇಡ ಎಂದಿದ್ದೀಯ. ನಾನು ಬದಲಿಸಿದ್ದೇನೆ. ನೀರಿನ ಪ್ರಶ್ನೆಯನ್ನು ಎಲ್ಲಕ್ಕೂ ಮೊದಲೇ ಕೇಳಿಟ್ಟುಕೊಳ್ಳುತ್ತೇನೆ. ಮೊದಲು ಕೇಳಿದರೆ ಏನಾಗುತ್ತದೆ, ಮಾಯಾ? ಫೆಬ್ರವರಿಯ ಮಾತಿಗೆ ನೀನು ನನ್ನನ್ನು ಬೇಕಾದಷ್ಟು ಬೈ, ಆದರೆ ಇದನ್ನು ಹೇಳಿ ಬೈ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮೂರಿನ ಶಂಕ್ರಪ್ಪನವರ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತೇನೆ. ಪತ್ರ ಅಷ್ಟರಲ್ಲಿ ತಲುಪಲಿ. ದಯವಿಟ್ಟು ಬಾ.

ರಾಜಶ್ರೀ


ಇಂದೂರ
೨೦ ಜುಲೈ ೨೦೦೦, ಗುರುವಾರ

ರಾಜಿ,

ಬೂತಿನಿಂದ ಈಗಷ್ಟೇ ಬಂದೆ. ನೀನು 'ಮಾಯಾ' ಎಂದದ್ದು ಕೇಳಿಸಿತು. ಆಮೇಲೆ ಬರೀ ಗರಗರ. ನಾನು ಕಿರುಚಿದ್ದಕ್ಕೆ ಕಾಜಲ್ ಹೆದರಿ ಅಳಲು ಶುರು ಮಾಡಿದಳು. ಲೈನು ಕಡಿಯಿತು. ತಿರುಗಿ ಹಚ್ಚಲು ನೋಡಿದೆ. "ಮಳಿ ಬಿದ್ದೈತವ್ವ, ದಾಂಡೇಲಿ ಹತ್ತಂಗಿಲ್ಲ ಇವತ್ತ" ಎಂದರು ಶಂಕ್ರಪ್ಪ ಕಾಕಾ.

ಫೋನಿನಲ್ಲಿ ಹೇಳಬೇಕೆಂದಿದ್ದನ್ನು ಬರೆಯುವುದು ಇನ್ನೂ ಕಷ್ಟ. ನೀರಿನ ಪ್ರಶ್ನೆಯನ್ನು ಕೊನೆಗೆ ಯಾಕೆ ಇಟ್ಟೆ ಎಂದು ನನಗೆ ನೆನಪಿಲ್ಲ.

ನಿನ್ನ ಮೊದಲ ಪತ್ರ ಬಂದ ದಿನದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಅದಕ್ಕೇ ಉತ್ತರ ಬರೆಯಲಿಲ್ಲ. ಮಗುವಿನ ಜ್ವರ ನಿಜವೇ, ಆದರೆ ಎರಡೇ ದಿನದ್ದು. ಕಾರ್ಖಾನೆಯಲ್ಲಿ ಮೊದಲ ಸಲ ಬಾಯ್ಲರು ಹೊತ್ತಿಸಿ ನೋಡುತ್ತಿದ್ದಾಗ ಏನೋ ಆಗಿತ್ತು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಆ ಸೆಕೆಯಲ್ಲಿ ಸ್ಟೂಲಿನ ಮೇಲೆ ಕೂತು, ಆ ಸಾಲನ್ನು ಮೇಲಿನಿಂದ ಕಿತ್ತು ಕೆಳಗೆ ಹಾಕಿದೆ. ಆಮೇಲೆ ಸರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನೆನಪಿದೆ, ಕಾರಣ ನೆನಪಿಲ್ಲ. ನನಗೆ ಆಗ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಬರೆದಿಡಬೇಕು ಅನ್ನಿಸಲೇ ಇಲ್ಲ.

ಬಾಯ್ಲರು ನಿಲ್ಲಿಸು ರಾಜಿ. ಯಾರು ಏನೇ ಅನ್ನಲಿ. ದಿನೇಶನಿಗೆ ಬಿಟ್ಟು ಬಾ ಎಂದು ಹೇಳು. ನಾನೇ ಹೊರಟು ಬರೋಣವೆಂದರೆ ಕೂಸಿನ ಮೈ ಮತ್ತೆ ಬಿಸಿಯಾಗಿದೆ. ಯಾಡಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ಮಾಯಾ


ದಾಂಡೇಲಿ
೨೬ ಜುಲೈ ೨೦೦೦

ಪ್ರಿಯ ಮಾಯಾ,

ಈ ಪತ್ರವನ್ನು ದಿನೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ಮೊದಲು ಅವನನ್ನು ಕಣ್ತುಂಬ ನೋಡು. ಎಡಗೈಗೆ ಪಟ್ಟಿ ಕಟ್ಟಿದೆ, ಚರ್ಮ ಸುಟ್ಟಿದೆ, ಬೆರಳುಗಳಿಗೆ ಏನೂ ಆಗಿಲ್ಲ. ಡಾಕ್ಟರು ವಾಸಿಯಾಗುತ್ತದೆ ಎಂದಿದ್ದಾರೆ. ಆಮೇಲೆ ಓದು.

ಗುರುವಾರ ಫೋನು ಕಡಿದುಹೋದ ಮೇಲೆ ನಾನು ಮತ್ತೆ ಎರಡು ಬೋರ್ಡುಗಳನ್ನೂ ಎದುರಿಗಿಟ್ಟುಕೊಂಡೆ. ಎಷ್ಟು ಸಲ ಮಾಡಿದರೂ ಒಂದೇ ಉತ್ತರ. ಶುಕ್ರವಾರ ಬೆಳಿಗ್ಗೆ ಮತ್ತೆ ಕೂತೆ. ಒತ್ತಡದ ಸ್ವಿಚ್ಚು ಹಾಕಿದ್ದಾಗ ಬೆರಳು ಜಾರಿ ನೀರಿನ ಸ್ವಿಚ್ಚಿಗೆ ಒಂದು ಕ್ಷಣ ತಗುಲಿ ಬಿಟ್ಟಿತು. ಸರಿ, ಮತ್ತೆ ಮೊದಲಿನಿಂದ ಮಾಡೋಣವೆಂದು ಒತ್ತಡದ ಸ್ವಿಚ್ಚು ತೆಗೆದೆ. ನಿನ್ನ ಚಿಪ್ ಕೆಂಪು ದೀಪ ಹಚ್ಚಿ ನಿಂತುಬಿಟ್ಟಿತು. ನನ್ನದು ಕಟ್ಟಿಗೆ ತಳ್ಳುತ್ತಲೇ ಇತ್ತು.

ನಾನು ಯಾವಾಗಲೂ ಸ್ವಿಚ್ಚನ್ನು ಒತ್ತಿ ಹಿಡಿದು ನೋಡುತ್ತಿದ್ದೆ. ಬಾಯ್ಲರಿನ ನೀರು ಹಾಗೆ ಹಿಡಿದಂತೆ ನಿಲ್ಲುವುದಿಲ್ಲ. ಕುದಿಯುತ್ತ ಏರುತ್ತದೆ, ಇಳಿಯುತ್ತದೆ. ಒಂದು ಕ್ಷಣ ಅಪಾಯದ ಗೆರೆ ಮುಟ್ಟಿ ಮತ್ತೆ ಮೇಲೆ ಬಂದರೂ ಅದನ್ನು ನೆನಪಿಟ್ಟುಕೊಳ್ಳಲು ಬೋರ್ಡಿನಲ್ಲಿ ಒಂದು ಪುಟ್ಟ ಭಾಗ ಇದೆಯಲ್ಲ, ಅದರ ಗುಣವನ್ನು ಪುಸ್ತಕ ತೆಗೆದು ಓದಿದೆ. ಪ್ರೋಗ್ರಾಮು ಅದನ್ನು ಒಮ್ಮೆ ಕೇಳಿದರೆ ಸಾಕು, ಉತ್ತರ ಹೇಳಿ ಅದು ಎಲ್ಲ ಮರೆತುಬಿಡುತ್ತದೆ. ನೀನು ಕಟ್ಟಿಗೆ ತಳ್ಳುವ ಮುಂಚೆ, ಬೇರೆಲ್ಲ ಸರಿಯಿದ್ದಾಗ ಮಾತ್ರ ಅದನ್ನು ಕೇಳುತ್ತಿದ್ದೆ. ಅಲ್ಲಿಯವರೆಗೆ ನೆನಪು ಹಾಗೇ ಉಳಿಯುತ್ತಿತ್ತು. ನಾನು ಎಲ್ಲಕ್ಕೂ ಮೊದಲು ಕೇಳುತ್ತೇನೆ, ಆಮೇಲೆ ಒತ್ತಡ ಹೆಚ್ಚಿದೆ ಎಂದು ನಡುವೆಯೇ ಹಿಂತಿರುಗುತ್ತೇನೆ, ಕೇಳಿದ ಉತ್ತರವನ್ನು ಅಲ್ಲೇ ಎಸೆದು. ಬಾಯ್ಲರು ದಿನಕ್ಕೆ ಎಷ್ಟೋ ಸಲ ಸುಮ್ಮನೆ ನಿಲ್ಲುತ್ತದೆ ಎಂದು ಎಲ್ಲರೂ ಬೈಯುತ್ತಿದ್ದರಲ್ಲ, ಅದು ಸುಮ್ಮನೆ ಅಲ್ಲ ಮಾಯಾ. ಪ್ರತಿ ಸಲವೂ ನೀರು ನಿಜವಾಗಿಯೇ ಕೆಳಗೆ ಮುಟ್ಟಿತ್ತು.

ಹಳೆಯ ಚಿಪ್ ಕೈಯಲ್ಲಿ ಹಿಡಿದು ಆಟೋ ಹತ್ತಿದೆ.

ಮ್ಯಾನೇಜರ್ ಕೇಳಲೇ ಇಲ್ಲ. "ಪ್ರೆಸ್ಸಿನ್ಯಾಗ ಮಾಲು ಐತ್ರಿ. ಈಗ ಉಗಿ ನಿಲ್ಲಿಸಿದ್ರ ಅಷ್ಟೂ ಹಾಳು. ನಿಮ್ಮ ಸಾಹೇಬ್ರ ಹೇಳ್ಲಿ ನನಗ" ಎಂದು ಸರ್‌ಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

"ರಾಜಶ್ರೀ, ನಿನಗ ಖಾತ್ರಿ ಐತೇನು?" ಎಂದರು ಸರ್.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಆದದ್ದು ಇಲ್ಲಿ ಆಗುತ್ತಿದೆಯೇ ಇಲ್ಲವೇ, ನನಗೇನು ಗೊತ್ತು? "ಪೂರಾ ಖಾತ್ರಿ ಇಲ್ರಿ ಸರ್. ಆದ್ರ ಇದನ್ನ ಓಡಾಕ ಬಿಟ್ಟು ನಾ ಮನಿಗೆ ಹೋಗಂಗಿಲ್ಲ."

ಫೋನು ಇಟ್ಟು ಬಾಯ್ಲರಿನ ಕಡೆ ಓಡಿದೆ. ದಿನೇಶ ನೀರು ತೋರಿಸುವ ಗಾಜನ್ನು ಅರಿವೆಯಿಂದ ಒರೆಸುತ್ತಿದ್ದ. ಹೊಳೆಯ ಕೆಂಪು ನೀರಿನಿಂದ ಗಾಜಿನ ಒಳಗೆ ರಾಡಿ ಕಟ್ಟಿತ್ತು, ನೀರು ಎಲ್ಲಿದೆಯೋ ಕಾಣುತ್ತಿರಲಿಲ್ಲ.

"ದಿನೇಶ, ನಾ ಬರದದ್ದು ತಪ್ಪಾಗೈತಿ. ನೀರು ಕಡಿಮಿ ಇದ್ರೂ ಅದು ಹೇಳಾಕತ್ತಿಲ್ಲ."

ಅವನು ನನ್ನ ಮುಖ ನೋಡಿದ. ಹಿಂದೆ ಮ್ಯಾನೇಜರ್ ಕೂಗುತ್ತಿದ್ದರು, "ಏ, ಮುಟ್ಟಿದಿ ಅಂದ್ರ ನಾಳಿಂದ ಬರಬ್ಯಾಡ ನೀ!" ದಿನೇಶ ಕಟ್ಟಿಗೆಯ ಮೋಟಾರು ಆರಿಸಿದ, ಫ್ಯಾನ್ ಆರಿಸಿದ, ಒಲೆಯ ಬಾಗಿಲು ತೆಗೆದು ಉದ್ದನೆಯ ಸಲಾಕೆಯಿಂದ ಕೆಂಡ ಹೊರಗೆಳೆಯತೊಡಗಿದ. "ಅಕ್ಕಾರ, ಹಿಂದ ಸರೀರಿ" ಎಂದು ಒಂದೇ ಮಾತು. ಒಂದು ಉರಿಯುವ ಹಲಗೆಯ ತುಂಡು ಜಾರಿ ಅವನ ಮುಂಗೈ ಮೇಲೆ ಬಿತ್ತು. ಅವನು ಕೊಡವಿಕೊಂಡು ಮತ್ತೆ ಎಳೆದ. ನಾನು ಏನೂ ಮಾಡದೆ ನಿಂತಿದ್ದೆ.

ಬಾಯ್ಲರು ಆರಿದ ಮೇಲೆ, ಭಾನುವಾರ ಫಿಟ್ಟರುಗಳು ಬಿಚ್ಚಿದರು. ಪಂಪಿನ ಬಾಯಿಗೆ ತೊಗಟೆ, ಎಲೆ, ಹೊಳೆಯ ಕಸ ತುಂಬಿಕೊಂಡಿತ್ತು. ಪಂಪು ತಿರುಗುತ್ತಿತ್ತು, ನೀರು ಮಾತ್ರ ಬೇಕಾದಷ್ಟು ಬರುತ್ತಿರಲಿಲ್ಲ. ಒಲೆಯ ಕಡೆಯ ಒಂದು ಕೊಳವೆ ನೀರಿಲ್ಲದೆ ಕಾದು, ಇನ್ನೇನು ಒಡೆಯುವಷ್ಟು ಉಬ್ಬಿತ್ತು. ಹಿರಿಯ ಫಿಟ್ಟರ್ ಅದರ ಮೇಲೆ ಕೈಯಾಡಿಸಿ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಮ್ಯಾನೇಜರ್ ಅದನ್ನು ನೋಡಿದ್ದಾರೆ. ಆದರೂ ದಿನೇಶನಿಗೆ ಇನ್ನೂ ಕೆಲಸಕ್ಕೆ ಬಾ ಎಂದಿಲ್ಲ.

ನಿನ್ನ ಗುರುವಾರದ ಪತ್ರ ನನಗೆ ಸೋಮವಾರ ಸಿಕ್ಕಿತು. ಆಗ ಎಲ್ಲ ಮುಗಿದಿತ್ತು.

ಈಗ ಮತ್ತೆ ಬರೆದಿದ್ದೇನೆ. ನೀರಿನ ಪ್ರಶ್ನೆ ಮೊದಲೇ ಇದೆ, ಆದರೆ ಉತ್ತರ 'ಹೌದು' ಎಂದು ಬಂದರೆ ಅಲ್ಲಿಯೇ, ಬೇರೇನನ್ನೂ ಕೇಳುವ ಮುಂಚೆ, ಎಲ್ಲ ನಿಲ್ಲುತ್ತದೆ. ಮನುಷ್ಯರು ಬಂದು ಗುಂಡಿ ಒತ್ತುವವರೆಗೆ ಮತ್ತೆ ಹೊರಡುವುದಿಲ್ಲ. ಪಕ್ಕದಲ್ಲಿ ಉದ್ದಕ್ಕೆ ಬರೆದಿದ್ದೇನೆ, ಇದನ್ನು ಕೇಳಿದರೆ ಮರೆತುಹೋಗುತ್ತದೆ, ಉತ್ತರವನ್ನು ಎಸೆಯಬೇಡಿ ಎಂದು. ಈ ಸಲ ಸ್ವಿಚ್ಚನ್ನು ಹಿಡಿದೂ ನೋಡಿದೆ, ತಟ್ಟಿಯೂ ನೋಡಿದೆ. ಆದರೂ ಇದನ್ನು ನಾನೊಬ್ಬಳೇ ಓದಿ ಸರಿಯಿದೆ ಎನ್ನಲಾರೆ. ಹಳಿಯಾಳದ ಅಕ್ಕಿ ಗಿರಣಿಯಲ್ಲಿ, ಜೋಯಿಡಾ ರಸ್ತೆಯ ಕಟ್ಟಿಗೆ ಒಣಗಿಸುವ ಭಟ್ಟಿಯಲ್ಲಿ ನೀನು ಬರೆದ ಚಿಪ್‌ಗಳು ಇನ್ನೂ ಓಡುತ್ತಿವೆ. ಸರ್ ಅವನ್ನೂ ಬಿಡಿಸಿ ಬರೆ ಎನ್ನುತ್ತಿದ್ದಾರೆ. ನನಗೆ ಮುಟ್ಟಲು ಧೈರ್ಯವಿಲ್ಲ.

ಬರುತ್ತೀಯಾ?

ನಿನ್ನ,
ರಾಜಿ


ಇಂದೂರ
೧೩ ಆಗಸ್ಟ್ ೨೦೦೦, ಭಾನುವಾರ

ರಾಜಿ,

ಈ ಪತ್ರಕ್ಕಿಂತ ಮೊದಲು ನಾನೇ ಬಂದು ತಲುಪುತ್ತೇನೆ. ಆದರೂ ಬರೆಯುತ್ತಿದ್ದೇನೆ. ಎದುರು ಕೂತಾಗ ನಾವಿಬ್ಬರೂ ಬೇರೆ ಏನೇನೋ ಮಾತಾಡುತ್ತೇವೆ, ಇದು ಉಳಿದುಹೋಗುತ್ತದೆ.

ನಿನ್ನ ಪತ್ರ ಓದಿದಾಗ, ಹೌದು, ಹೀಗೇ ಆಗಿತ್ತು ಅನ್ನಿಸಿತು. ಆಮೇಲೆ ಅನುಮಾನವಾಯಿತು. ನನಗೆ ನಿಜವಾಗಿ ನೆನಪಾಯಿತೋ, ನೀನು ಹೇಳಿದ್ದರಿಂದ ನೆನಪಾದಂತೆ ಕಂಡಿತೋ, ಈಗಲೂ ತಿಳಿಯುತ್ತಿಲ್ಲ. ಫೆಬ್ರವರಿಯಲ್ಲಿ ನೀನು ಆಡಿದ ಮಾತು ನನ್ನನ್ನು ಇಷ್ಟು ದಿನ ಸುಟ್ಟಿತ್ತು, ಯಾಕೆಂದರೆ ಅದು ನಿಜವಾಗಿತ್ತು. ಎಲ್ಲರೆದುರು ಆಡಬೇಕಿರಲಿಲ್ಲ ಎಂಬುದೂ ಅಷ್ಟೇ ನಿಜ. ಎರಡನ್ನೂ ಬರೆದಿದ್ದೇನೆ, ಇನ್ನು ಎತ್ತುವುದು ಬೇಡ.

ದಿನೇಶನ ಕೈ ವಾಸಿಯಾಗಿದೆ, ಕಲೆ ಉ‍ಳಿಯುತ್ತದೆ. ಮೊನ್ನೆ ಶಂಕ್ರಪ್ಪ ಕಾಕಾನ ಬೂತಿಗೆ ಕಾರ್ಖಾನೆಯಿಂದ ಫೋನು ಬಂತು, ಸೋಮವಾರದಿಂದ ಬಾ ಎಂದು. ಅವನು ಆ ಕ್ಷಣವೇ ಬ್ಯಾಗು ತುಂಬಿಕೊಂಡ. ಯಾಡಿ ಅವತ್ತಿನಿಂದ ಯಾರ ಜೊತೆಯೂ ಮಾತಾಡಿಲ್ಲ. ನಮ್ಮ ಮನೆಯವರು, ತುಳಸಿರಾಮ, ಸಮಾಧಾನ ಹೇಳಲು ಹೋಗಿ ಸುಮ್ಮನೆ ವಾಪಸು ಬಂದರು.

ನಾನು ಬರುವುದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಸೋಮವಾರ ಬೆಳಿಗ್ಗೆ

ನಿನ್ನೆ ಇಲ್ಲಿಗೇ ನಿಲ್ಲಿಸಿದ್ದೆ. ಈಗ ಬಸ್ಸಿಗೆ ಹೊತ್ತಾಗುತ್ತಿದೆ, ಬೇಗ ಮುಗಿಸುತ್ತೇನೆ.

ಯಾಡಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡದೆ ಕೇಳಿದಳು, "ಇನ್ನೊಮ್ಮಿ ಹಂಗ ಆಗಂಗಿಲ್ಲಂತ ನೀ ಹೇಳ್ತಿಯೇನ?"

ಹೇಳಿಬಿಡಬಹುದಿತ್ತು. "ಹೇಳಾಕ ಬರಂಗಿಲ್ಲ ಯಾಡಿ. ನಾನೂ ಹೋಗಿ, ಕೂತು ಓದಿ ನೋಡ್ತೇನಿ" ಅಂದೆ.

"ಕೂಸು?"

"ಕರ್ಕೊಂಡ ಹೋಗ್ತೇನಿ."

ಅವಳು ಹಿಟ್ಟಿನ ಡಬ್ಬಿ ಎಳೆದುಕೊಂಡು ಇನ್ನಷ್ಟು ಹಿಟ್ಟು ನಾದಿದಳು. ಈಗ ನೋಡಿದರೆ ಹೊಸ್ತಿಲ ಹತ್ತಿರ, ದಿನೇಶನ ಬ್ಯಾಗಿನ ಪಕ್ಕದಲ್ಲಿ, ಎರಡು ಬುತ್ತಿ ಗಂಟು ಇಟ್ಟಿದ್ದಾಳೆ.

ಮಾಯಾ